‘ಶುದ್ಧೀಕರಣ’ವೋ, ‘ಸೋಂಕುನಿವಾರಣೆ’ಯೋ?

ಸಾಂಕ್ರಾಮಿಕದ ನಡುವೆ ಚರ್ಚು ಮತ್ತೆ ತೆರೆಯುವಾಗ ಬಾಗಿಲಿಗೆ ಅಂಟಿಸುವ ಸೂಚನೆಯಲ್ಲಿ ‘ಬಲಿಪೂಜೆಯ ಬಳಿಕ ಬೆಂಚುಗಳನ್ನು ಶುದ್ಧೀಕರಿಸಬೇಕು’ ಎಂದು ಬರೆಯುವುದು ಸರಿಯೇ? ನನಗೆ ಒಪ್ಪಿಗೆಯಾಗುತ್ತಿಲ್ಲ. ಚರ್ಚಿನೊಳಗೆ ಆ ಪದಕ್ಕೆ ಧಾರ್ಮಿಕ ಅರ್ಥ ಮೊದಲೇ ಗಟ್ಟಿಯಾಗಿ ಕೂತಿದೆ. ಓದಿದವರಿಗೆ ಪವಿತ್ರ ಜಲ ನೆನಪಾಗುತ್ತದೆಯೇ ಹೊರತು ಬಕೆಟ್ಟು, ಬಟ್ಟೆ ಅಲ್ಲ.

ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಒಂದೇ ಪದದಲ್ಲಿ ಎರಡು ಕೆಲಸಗಳು ಕಲಸಿಹೋಗುತ್ತವೆ. ಮೊದಲು ಸೋಪುನೀರಿನಲ್ಲಿ ಒರೆಸಿ ಕೊಳೆ ತೆಗೆಯಬೇಕು, ಆಮೇಲೆ ಸೋಂಕುನಿವಾರಕ ಹಚ್ಚಬೇಕು. ಮುಂದಿನ ಬೆಂಚಿನ ಬೆನ್ನುಪಟ್ಟಿಯ ಮೇಲಂಚನ್ನೇ ನೋಡಿ: ಮಂಡಿಯೂರಿದವರೆಲ್ಲ ಅದನ್ನೇ ಹಿಡಿಯುವುದರಿಂದ ಅಲ್ಲಿ ಕೈಜಿಡ್ಡು ಪದರಗಟ್ಟಿರುತ್ತದೆ. ನೇರವಾಗಿ ಕ್ಲೋರಿನ್ ದ್ರಾವಣ ಹಚ್ಚಿದರೆ ಅದರ ಶಕ್ತಿ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಹಾಗಾಗಿ ‘ಸೋಪುನೀರಿನಿಂದ ಒರೆಸಿ, ಬಳಿಕ ಸೋಂಕು ನಿವಾರಿಸಿ’ ಎಂದು ಎರಡು ಕ್ರಿಯಾಪದ ಬೇಕೇ ಬೇಕು.

‘ಸಿಂಪಡಿಸಿ’ ಎಂಬುದನ್ನೂ ಕೈಬಿಡಬೇಕು. ಸಿಂಪಡಿಸಿದ ಹನಿ ಎಲ್ಲ ಕಡೆ ತಾಗುವುದಿಲ್ಲ, ಉಸಿರಾಡುವವರಿಗೂ ಕೆಡುಕು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಲು. ಕ್ಲೋರಿನ್ ದ್ರಾವಣಕ್ಕೆ ‘ಸ್ವಲ್ಪ ಬ್ಲೀಚ್’ (ಅಂದರೆ ಹೈಪೋಕ್ಲೋರೈಟ್) ಎನ್ನುವುದು ಅಳತೆಯಲ್ಲ. ‘ಶೇ. 5ರ ಹೈಪೋಕ್ಲೋರೈಟ್ 20 ಮಿ.ಲೀ., ನೀರು 980 ಮಿ.ಲೀ.’ ಎಂದೇ ಬರೆಯಿರಿ, ಸಿಗುವುದು ಶೇ. 0.1ರ ದ್ರಾವಣ. ದಿನಾ ಹೊಸದಾಗಿ ಬೆರೆಸಬೇಕು. ಅದಕ್ಕೆ ಆಮ್ಲವನ್ನಾಗಲಿ ಅಮೋನಿಯಾವನ್ನಾಗಲಿ ಸೇರಿಸಿದರೆ ವಿಷಾನಿಲ ಏಳುತ್ತದೆ.

ಬಾಗಿಲ ಹಿತ್ತಾಳೆ ಹಿಡಿಯನ್ನು ಕ್ಲೋರಿನ್ ತಿನ್ನುತ್ತದೆ, ಅಲ್ಲಿಗೆ ಶೇ. 70ರ ಆಲ್ಕೋಹಾಲ್. ‘ಸ್ಯಾನಿಟೈಸರ್’ ಪದವನ್ನು ಹಾಗೇ ಇಟ್ಟುಕೊಳ್ಳೋಣ, ಎಲ್ಲರಿಗೂ ಗೊತ್ತು. ಆದರೆ ಪಕ್ಕದಲ್ಲೇ ‘ಕೈ ಪೂರ್ತಿ ಒಣಗುವವರೆಗೆ ಮೇಣದಬತ್ತಿ ಹಚ್ಚಬೇಡಿ’ ಎಂದು ಸೇರಿಸಲೇಬೇಕು, ಅದರಲ್ಲಿರುವ ಆಲ್ಕೋಹಾಲ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು.

‘ಸಾಮಾಜಿಕ ಅಂತರ’ಕ್ಕಿಂತ ‘ದೈಹಿಕ ಅಂತರ’ ಮೇಲು; ದೂರ ಇರಬೇಕಾದ್ದು ಮೈ, ಸಂಬಂಧವಲ್ಲ.

ಈಗ ನನ್ನ ಪ್ರಶ್ನೆ. ಸೋಂಕುನಿವಾರಕ ಹಚ್ಚಿದ ಮೇಲ್ಮೈ ಕನಿಷ್ಠ 1 ನಿಮಿಷ, ಇಲ್ಲವೇ ಡಬ್ಬಿಯ ಮೇಲೆ ತಯಾರಕರು ಹೇಳಿದಷ್ಟು ಹೊತ್ತು, ಒದ್ದೆಯಾಗಿಯೇ ಇರಬೇಕು. ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ಇಂಗ್ಲಿಷಿನಲ್ಲಿ ‘ಕಾಂಟ್ಯಾಕ್ಟ್ ಟೈಮ್’ ಎನ್ನುವ ಈ ಅವಧಿಗೆ ‘ಸಂಪರ್ಕ ಸಮಯ’ ಎಂದರೆ ಫೋನ್ ಮಾಡಬೇಕಾದ ವೇಳೆಯಂತೆ ಕೇಳುತ್ತದೆ. ‘ಒದ್ದೆ ಅವಧಿ’ ಎನ್ನಬಹುದೇ? ‘ನೆನೆಯುವ ಹೊತ್ತು’ ಎಂದರೆ ನೀರಲ್ಲಿ ಮುಳುಗಿಸಿಟ್ಟಂತಾಗುತ್ತದೆಯೇ? ಇನ್ನೂ ಹೊಂದುವ ಪದ ಗೊತ್ತಿದ್ದವರು ತಿಳಿಸಿ.