"ಆ ಬಣ್ಣದವರನ್ನು ಕಳಿಸಬೇಡಿ" ಎಂದು ಗ್ರಾಹಕರು ಕೇಳಿದರೆ ಬುಕಿಂಗ್ ಡೆಸ್ಕ್ ಏನು ಹೇಳಬೇಕು?

ಪ್ರಶ್ನೆ: ರೋಸ್ಟರ್‌ಮನೆ

ಮನೆಗೆ ಹೋಗಿ ಸೇವೆ ಕೊಡುವ ಸಂಸ್ಥೆಗಳಿಗೆ, ಅದು ರಿಪೇರಿಯಿರಲಿ ಆರೈಕೆಯಿರಲಿ, ಇಂಥ ಕರೆ ಬರುವುದುಂಟು: "ಕಳೆದ ಸಲ ಬಂದ ಬಣ್ಣದವರು ಬೇಡ, ಬೇರೆಯವರನ್ನು ಕಳಿಸಿ." ಡೆಸ್ಕ್‌ನಲ್ಲಿ ಕೂತವರು ಹೆಚ್ಚಾಗಿ ಚಕಾರವೆತ್ತದೆ ಹೆಸರು ಬದಲಿಸಿಬಿಡುತ್ತಾರೆ. ಸಿಬ್ಬಂದಿಗೆ ಅವಮಾನ ತಪ್ಪಲಿ ಅಂತ ಹೀಗೆ ಮಾಡಿದೆವು ಎನ್ನುತ್ತಾರೆ. ಆದರೆ ಆ ದಿನದ ಕೆಲಸ, ದುಡಿಮೆ ಹೋಗುವುದು ಅದೇ ಸಿಬ್ಬಂದಿಯದು. ಗ್ರಾಹಕರಿಗೆ ನಿಖರವಾಗಿ ಯಾವ ಮಾತು ಹೇಳಬೇಕು? ಕರಾರಿನಲ್ಲಿ ಏನಿರಬೇಕು? ಸಿಬ್ಬಂದಿಗೆ ವಿಷಯ ತಿಳಿಸಬೇಕೋ ಬೇಡವೋ? ಗೋಡೆಗೆ ಅಂಟಿಸುವ ಘೋಷಣೆ ಬೇಡ. ಫೋನ್ ಕೈಯಲ್ಲಿದ್ದಾಗ ಉಪಯೋಗಕ್ಕೆ ಬರುವುದು ಬೇಕು.

ಉತ್ತರ: ಡಿಸ್‌ಪ್ಯಾಚ್‌ಡೆಸ್ಕ್

ಮೊದಲು ಒಂದೇ ಒಂದು ಪ್ರಶ್ನೆ ಕೇಳಲಿ: "ಕಳೆದ ಸಲದ ಕೆಲಸದಲ್ಲಿ ಏನು ತೊಂದರೆಯಾಗಿತ್ತು?" ನಿಜವಾದ ದೂರು ಇದ್ದರೆ ಇಲ್ಲಿ ಹೊರಬರುತ್ತದೆ. ತಡವಾಗಿ ಬಂದರು, ನಲ್ಲಿ ಮತ್ತೆ ಸೋರುತ್ತಿದೆ ಎಂದರೆ ಮಾಮೂಲಿ ದೂರಿನ ದಾರಿಯಲ್ಲಿ ಹೋಗುತ್ತದೆ. "ಅವರ ಮಾತು ಅರ್ಥವಾಗಲಿಲ್ಲ" ಎಂದರೆ ಯಾವ ಮಾಹಿತಿ ತಪ್ಪಿತು ಎಂದು ಕೇಳಿ. ಔಷಧದ ಹೊತ್ತೋ ಯಂತ್ರದ ಸೂಚನೆಯೋ ತಿಳಿಯದೆ ಹೋಗಿದ್ದರೆ ಅದು ಭಾಷೆಯ ಅಗತ್ಯ, ಭಾಷೆ ಕೌಶಲ. ಏನೂ ತಪ್ಪಿಲ್ಲ, ಉಚ್ಚಾರ ಹಿಡಿಸಲಿಲ್ಲ ಅಷ್ಟೇ ಎಂದಾದರೆ ಬಣ್ಣದ ಮಾತೇ ಬೇರೆ ವೇಷದಲ್ಲಿ ಬಂದಿರುತ್ತದೆ.

ಕಾರಣ ಬಣ್ಣವೇ ಎಂದು ಸ್ಪಷ್ಟವಾದ ಮೇಲೆ ಮೂರು ವಾಕ್ಯ ಸಾಕು: "ಬಣ್ಣ, ಜನಾಂಗ ನೋಡಿ ನಾವು ಕೆಲಸ ಹಂಚುವುದಿಲ್ಲ. ಈಗ ನಿಗದಿಯಾಗಿರುವವರು ಈ ಕೆಲಸಕ್ಕೆ ತರಬೇತಿ ಪಡೆದವರು, ಅವರೇ ಬರುತ್ತಾರೆ. ಬೇಡವಾದರೆ ಬುಕಿಂಗ್ ರದ್ದು ಮಾಡಬಹುದು." ವಾದ ಬೇಡ, ಉಪದೇಶ ಬೇಡ. "ನನಗೇನೋ ಪರವಾಗಿಲ್ಲ ಸಾರ್, ನಮ್ಮ ನಿಯಮ ಹಾಗಿದೆ" ಎಂಬ ಮಾತಂತೂ ಬೇಡವೇ ಬೇಡ. ಅದನ್ನು ಕೇಳಿದವರು ನಿಯಮ ಸಡಿಲಿಸುವ ಮೇಲಧಿಕಾರಿಯನ್ನು ಹುಡುಕಿಕೊಂಡು ಹೊರಡುತ್ತಾರೆ.

ಎಲ್ಲರೂ ಎಡವುವ ಜಾಗ ಇದು: "ಮುಂದಿನ ವಾರ ಬೇರೆಯವರು ಬರ್ತಾರೆ" ಎಂಬ ಮೂರನೇ ಆಯ್ಕೆ. ಕೇಳಿದ್ದನ್ನೇ ಒಂದು ವಾರ ತಡವಾಗಿ ಕೊಟ್ಟಂತಾಯಿತು. ರದ್ದು ಮಾಡಿ ಮತ್ತೆ ಬುಕ್ ಮಾಡಿದರೂ ಸರದಿಯ ಪ್ರಕಾರ ಯಾರು ಬರಬೇಕೋ ಅವರೇ ಬರಬೇಕು. ರದ್ದತಿ ಶುಲ್ಕ ಎಲ್ಲರಿಗೂ ಇರುವಷ್ಟೇ. ಸಮಾಧಾನಕ್ಕೆಂದು ರಿಯಾಯಿತಿ ಕೊಡಬೇಡಿ.

ಬೈಗುಳ ಶುರುವಾದರೆ ಒಂದು ಎಚ್ಚರಿಕೆ ಕೊಟ್ಟು ಕರೆ ಕಡಿಯುವ ಅಧಿಕಾರ ಡೆಸ್ಕ್‌ನವರಿಗೇ ಇರಬೇಕು, ಆ ಕರೆ ಅವರ ತಿಂಗಳ ಅಂಕಕ್ಕೆ ಸೇರಬಾರದು. ಅಂಕ ಹೋಗುತ್ತದೆ ಎಂಬ ಭಯಕ್ಕೇ ಬಹಳ ಜನ ಸದ್ದಿಲ್ಲದೆ ಹೆಸರು ಬದಲಿಸುವುದು.

ಉತ್ತರ: ಕಾರ್ಮಿಕಕಾನೂನು

"ಗ್ರಾಹಕರು ಕೇಳಿದ್ದು, ನಾವಲ್ಲ" ಎಂಬ ಸಬೂಬು ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಡಂಬಡಿಕೆ ಜನಾಂಗ, ಬಣ್ಣದ ಆಧಾರದ ತಾರತಮ್ಯವನ್ನು ಉದ್ಯೋಗದಲ್ಲಿ ನಿಷೇಧಿಸುತ್ತದೆ. ವಿನಾಯಿತಿ ಇರುವುದು ಕೆಲಸದ ಸ್ವಭಾವವೇ ಬೇಡುವ ಅರ್ಹತೆಗೆ ಮಾತ್ರ. ಗಿರಾಕಿಯ ಇಷ್ಟಾನಿಷ್ಟ ಕೆಲಸದ ಸ್ವಭಾವವಲ್ಲ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇನ್ನೂ ಬಿಗಿ: ಧರ್ಮ, ಲಿಂಗ, ರಾಷ್ಟ್ರಮೂಲಕ್ಕೆ ಕಿರಿದಾದ ವಿನಾಯಿತಿ ಇದೆ, ಜನಾಂಗಕ್ಕೆ ಅದೂ ಇಲ್ಲ.

ಅಲ್ಲಿನ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ 2010ರ ತೀರ್ಪೊಂದು ಈ ಪ್ರಶ್ನೆಗೇ ಹೇಳಿ ಮಾಡಿಸಿದಂತಿದೆ. ಇಂಡಿಯಾನಾದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕಪ್ಪು ವರ್ಣದ ಸಹಾಯಕಿಯೊಬ್ಬರ ಕೈಗೆ ಬರುತ್ತಿದ್ದ ದಿನದ ಕೆಲಸದ ಹಾಳೆಯಲ್ಲೇ, ಒಬ್ಬ ನಿವಾಸಿಗೆ ಕಪ್ಪು ವರ್ಣದವರು ಬೇಡ ಎಂದು ನಮೂದಾಗಿತ್ತು. ನಿವಾಸಿಗಳ ಆಯ್ಕೆಯನ್ನು ಗೌರವಿಸಬೇಕಾದ್ದು ಕಾನೂನು ಎಂದು ಕೇಂದ್ರ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಬದಲಿಗೆ ಏನು ಮಾಡಬಹುದಿತ್ತು ಎಂದೂ ಹೇಳಿತು: ಸೇರಿಸಿಕೊಳ್ಳುವ ಮುನ್ನವೇ ನೀತಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯುವುದು, ಸೇರಿದ ಮೇಲೆ ನಡತೆ ತಿದ್ದಲು ಯತ್ನಿಸುವುದು, ಕಿರುಕುಳ ಕೊಡುವ ನಿವಾಸಿಗಳಿಂದ ರಕ್ಷಣೆ ಕೇಳಬಹುದೆಂದು ಸಿಬ್ಬಂದಿಗೆ ತಿಳಿಸುವುದು. ಕರಾರಿಗೆ ಇಷ್ಟು ಸೇರಿಸಿದರೆ ಸಾಕು: "ಸಿಬ್ಬಂದಿಯ ನಿಯೋಜನೆ ಸಂಸ್ಥೆಯದು. ಜನಾಂಗ, ಬಣ್ಣದ ಆಧಾರದ ಮೇಲೆ ಬದಲಾವಣೆ ಕೋರಿದರೆ ಮನ್ನಿಸುವುದಿಲ್ಲ. ಸಿಬ್ಬಂದಿಯನ್ನು ನಿಂದಿಸಿದರೆ ಸೇವೆ ನಿಲ್ಲಿಸಬಹುದು." ಪುಟದ ಬುಡದ ಸಣ್ಣಕ್ಷರದಲ್ಲಿ ಬೇಡ, ಸಹಿ ಬೀಳುವ ಜಾಗದ ಮೇಲೇ ಇರಲಿ.

ಉತ್ತರ: ವಾರ್ಡ್‌ಪಾಳಿ

ಆಸ್ಪತ್ರೆ, ಆರೈಕೆಯಲ್ಲಿ "ರದ್ದು ಮಾಡಿ" ಎನ್ನುವುದು ಅಷ್ಟು ಸುಲಭವಲ್ಲ. ರೋಗಿಯ ಸ್ಥಿತಿ ನೋಡಿ. ಆಮ್ಲಜನಕ ಕಡಿಮೆಯಾಗಿದ್ದರೆ, ಸೋಂಕಿನಿಂದ ಭ್ರಮೆ ಬಂದಿದ್ದರೆ, ಮರೆಗುಳಿತನ ಇದ್ದರೆ ಆಡಿದ ಮಾತಿಗೆ ಕರಾರಿನ ಷರತ್ತು ತೋರಿಸಿ ಪ್ರಯೋಜನವಿಲ್ಲ. ತುರ್ತು ಇದ್ದರೆ ಮೊದಲು ಚಿಕಿತ್ಸೆ. ಬುದ್ಧಿ ಸ್ಥಿಮಿತದಲ್ಲಿರುವ ರೋಗಿ ಚಿಕಿತ್ಸೆಯನ್ನೇ ನಿರಾಕರಿಸಬಹುದು, ಬಣ್ಣ ನೋಡಿ ದಾದಿಯನ್ನು ಆರಿಸಿಕೊಳ್ಳಲಾಗದು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಸಿಬ್ಬಂದಿಯೊಂದಿಗೆ ತಾರತಮ್ಯದಿಂದ ನಡೆದುಕೊಳ್ಳುವ ರೋಗಿಗಳಿಗೆ ತೀರಾ ಅಗತ್ಯವಲ್ಲದ ಚಿಕಿತ್ಸೆ ನಿರಾಕರಿಸುವ ಅವಕಾಶ 2020ರ ಏಪ್ರಿಲ್‌ನಿಂದ ಇದೆ. ಸ್ನಾನ ಮಾಡಿಸಲು ಹೆಂಗಸರೇ ಬರಲಿ ಎಂದು ಹೆಂಗಸೊಬ್ಬರು ಕೇಳುವುದನ್ನು ಇದರ ಜೊತೆ ಸೇರಿಸಬೇಡಿ, ಅದು ಮಾನದ, ಖಾಸಗಿತನದ ವಿಷಯ.

ಇನ್ನು ಸಿಬ್ಬಂದಿಗೆ ಹೇಳುವುದು. ಹೇಳಲೇಬೇಕು, ಆ ಮನೆಗೆ ಹೋಗುವ ಮುನ್ನವೇ, ಮೇಲ್ವಿಚಾರಕರೇ, ಒಬ್ಬರನ್ನೇ ಕರೆದು. ಕೇಳುವ ಮಾತು "ನಿನಗೆ ಹೋಗೋಕೆ ಆಗುತ್ತಾ?" ಎಂದಿರಬಾರದು, ಅದರಲ್ಲಿ ಧೈರ್ಯದ ಪರೀಕ್ಷೆ ಅಡಗಿದೆ. "ಈ ಕೆಲಸ ನಿಮ್ಮದೇ, ಬೇಕಿದ್ದರೆ ಜೊತೆಗೊಬ್ಬರು ಬರುತ್ತಾರೆ. ಹೋಗದಿರುವುದಾದರೂ ಆ ಹೊತ್ತಿನ ಸಂಬಳ ಬರುತ್ತದೆ. ನಿಮಗೆ ಹೇಗೆ ಸರಿ?" ಎಂದು ಕೇಳಿ. ಬೇಡವೆಂದರೆ ಆ ನಿರ್ಧಾರ ಅವರದು ಎಂದು ದಿನಾಂಕ ಹಾಕಿ ಬರೆದಿಡಿ. ಸಂಬಳ ಕಡಿದರೆ ಅದನ್ನು ಅವರ ಆಯ್ಕೆ ಎನ್ನಲಾಗದು.

ಪ್ರಶ್ನೆ ಮುಂದುವರಿಕೆ: ರೋಸ್ಟರ್‌ಮನೆ

ಗ್ರಾಹಕರು ಆಮೇಲೆ ಒಂದು ಸ್ಟಾರ್ ಕೊಟ್ಟು ಸೇಡು ತೀರಿಸಿಕೊಂಡರೆ? ಸಾಫ್ಟ್‌ವೇರ್‌ನಲ್ಲಿ ಈಗಾಗಲೇ ಇರುವ "ಬೇಡ" ಟಿಪ್ಪಣಿಗಳನ್ನು ಅಳಿಸಿಬಿಡಬಹುದೇ?

ಉತ್ತರ: ಡಿಸ್‌ಪ್ಯಾಚ್‌ಡೆಸ್ಕ್

ಅಳಿಸಬೇಡಿ, ಅವು ಸಾಕ್ಷ್ಯ. ಡೆಸ್ಕ್‌ನ ಪರದೆಗೆ ಕಾಣದಂತೆ ಬೇರೆ ಕಡೆ ಭದ್ರವಾಗಿಡಿ, ವಕೀಲರನ್ನು ಕೇಳದೆ ಮುಟ್ಟಬೇಡಿ. ಇನ್ನು ಮುಂದೆ "ಗ್ರಾಹಕರ ಇಷ್ಟ" ಎಂಬ ಖಾಲಿ ಜಾಗವನ್ನೇ ತೆಗೆದು, ಬದಲಾವಣೆಯ ಕಾರಣವನ್ನು ಪಟ್ಟಿಯಿಂದ ಆರಿಸುವಂತೆ ಮಾಡಿ: ರಜೆ, ಕೌಶಲ, ಭಾಷೆ, ದೂರ, ಸಿಬ್ಬಂದಿಯ ಕೋರಿಕೆ. ಬಣ್ಣದ ಕೋರಿಕೆ ತಿರಸ್ಕೃತವಾದ ಗ್ರಾಹಕರು ಕೊಟ್ಟ ಸ್ಟಾರ್‌ಗಳನ್ನು ಆ ಸಿಬ್ಬಂದಿಯ ಸರಾಸರಿ, ಬೋನಸ್, ಬಡ್ತಿಯ ಲೆಕ್ಕದಿಂದ ಹೊರಗಿಡಿ.

3 ತಿಂಗಳಿಗೊಮ್ಮೆ ಯಾರ ಹೆಸರು ಎಷ್ಟು ಸಲ ಬದಲಾಯಿತು, ಯಾರ ಗಂಟೆಗಳು ಎಷ್ಟು ಕಡಿಮೆಯಾದವು ಎಂದು ಎಣಿಸಿ. ಒಂದೇ ಬಣ್ಣದವರ ಹೆಸರು ಪದೇ ಪದೇ ಬಂದರೆ, ಎದುರಿಗೆ "ದೂರ" ಅಂತ ಬರೆದಿದ್ದರೂ ಆ ಕರೆಗಳ ರೆಕಾರ್ಡಿಂಗ್ ತೆಗೆದು ಕೇಳಿ.