ಕಮಾನೇ, ತೋರಣವೇ, ಕಂಡಿಯೇ?

ಬಲ್ಲವರಲ್ಲಿ ಒಂದು ಸಂದೇಹ.

ಮಾಲ್ಟಾ ದೇಶಕ್ಕೆ ಸೇರಿದ ಗೋಝೋ ದ್ವೀಪದ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿನ ದ್ವೇಯ್ರಾ ಎಂಬಲ್ಲಿ ಕಡಲು ಸುಣ್ಣಕಲ್ಲನ್ನು ಕೊರೆದು ಮಾಡಿದ ಸುಮಾರು 28 ಮೀಟರ್ ಎತ್ತರದ ಹೆಬ್ಬಾಗಿಲೊಂದಿತ್ತು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಕಂಬಸಮೇತ ನೀರುಪಾಲಾಯಿತು. ಪ್ರವಾಸಿಗರಿಗೆ ಅದು ‘ಅಝೂರ್ ವಿಂಡೋ’. ಮಾಲ್ಟೀಸಿನಲ್ಲಿ ‘ನೀಲಿ ಕಿಟಕಿ’ ಎಂಬುದರ ಜೊತೆಗೆ ನೀಲಿಯ ಸುದ್ದಿಯೇ ಇಲ್ಲದ ಇನ್ನೊಂದು ಹೆಸರೂ ಇದೆ, ಬರೀ ‘ದ್ವೇಯ್ರಾದ ಕಿಟಕಿ’. ಹೆಸರಿನ ಮಟ್ಟಿಗೆ ನಾನೂ ಅದನ್ನೇ ಉಳಿಸಿಕೊಂಡಿದ್ದೇನೆ.

ತೊಡಕಿರುವುದು ಇಂಥ ರಚನೆಗಳ ಸಾಮಾನ್ಯ ಹೆಸರಿನಲ್ಲಿ. ‘ನೈಸರ್ಗಿಕ ಕಮಾನು’ ಎಂದರೆ ಪಠ್ಯಪುಸ್ತಕದ ವಾಸನೆ. ಅಲ್ಲದೆ ಕಮಾನು ಎಂದರೆ ಪಾರಸಿಯಲ್ಲಿ ಬಿಲ್ಲು. ನಮ್ಮ ಕಮಾನುಗಾಡಿಯಲ್ಲೂ ಆ ಬಾಗು ಉಳಿದಿದೆ. ದ್ವೇಯ್ರಾದ್ದಾದರೋ ಚಪ್ಪಟೆ ಮಾಡು, ನೆಟ್ಟನೆಯ ಕಂಬ. ತಿರುಮಲೆಯ ಶಿಲಾತೋರಣವನ್ನು ನೋಡಿ ‘ಕಲ್ದೋರಣ’ ಎನ್ನೋಣವೆಂದರೆ, ತೋರಣ ಎಂದೊಡನೆ ನನಗೆ ಮಾವಿನೆಲೆಯೇ ಕಣ್ಣಿಗೆ ಬರುತ್ತದೆ. ‘ಕಿಂಡಿ’ ತೀರಾ ಚಿಕ್ಕದು. ಉಡುಪಿಯ ಕನಕನ ಕಿಂಡಿಯನ್ನು ಕಂಡವರು ಅದರಲ್ಲಿ ದೋಣಿ ಹಾಯಿಸಲು ಒಪ್ಪಲಾರರು. ಉಳಿದದ್ದು ‘ಕಂಡಿ’. ಬೇಲಿಯ ಕಂಡಿಗೆ ಮೇಲೆ ಮಾಡಿಲ್ಲ, ನಿಜ. ಆದರೆ ಬೆಳಕಂಡಿಗೆ ಇದೆಯಲ್ಲ? ಹಾಗಾಗಿ ‘ಕಲ್ಗಂಡಿ’ ಎಂದು ಬರೆದಿದ್ದೇನೆ. ಕಿವಿಗೆ ಒಗ್ಗುತ್ತದೆಯೇ?

ಅದೇ ದ್ವೀಪದ ಜ್ಗಂತಿಯಾ ದೇಗುಲಗಳು ಇಷ್ಟು ಕಾಡಲಿಲ್ಲ. ಅಷ್ಟು ದೊಡ್ಡ ಕಲ್ಲುಗಳನ್ನು ದೈತ್ಯರೇ ಹೊತ್ತಿರಬೇಕೆಂದು ಅಲ್ಲಿನವರು ಆ ಹೆಸರಿಟ್ಟರು. ಹಿರೇಬೆಣಕಲ್ಲಿನ ಕಲ್ಗೋರಿಗಳನ್ನು ನಮ್ಮವರು ಮೋರ್ಯರೆಂಬ ಕುಳ್ಳರ ಮನೆಗಳೆಂದರು. ಒಂದೇ ಬೆರಗು, ಅಳತೆ ಮಾತ್ರ ತಿರುಗುಮುರುಗು.

ಇನ್ನೊಂದು ಪ್ರಶ್ನೆ. ಕಿಟಕಿಯಿದ್ದ ಜಾಗದ ಹತ್ತಿರವೇ ಕಡಲಿನಿಂದೆದ್ದ ಒಂದು ಕೋಡುಗಲ್ಲಿದೆ. ಇಂಗ್ಲಿಷಿನ ಹೆಸರನ್ನು ನಂಬಿ ಮೊದಲು ‘ಅಣಬೆ ಬಂಡೆ’ ಎಂದು ಬರೆದು ಮೋಸಹೋದೆ. ಅಲ್ಲಿ ಬೆಳೆಯುವುದು ಅಣಬೆಯಲ್ಲ, ಬೇರೆ ಗಿಡಗಳ ಬೇರನ್ನು ಹೀರಿ ಬದುಕುವ, ಕೆಂಪಗಿನ ಹೂಬಿಡುವ ಸಸ್ಯ. ಅದು ರಕ್ತಸ್ರಾವಕ್ಕೆ ಮದ್ದೆಂದು ನಂಬಿ ಆಗ ಮಾಲ್ಟಾವನ್ನು ಆಳುತ್ತಿದ್ದ ಸೇಂಟ್ ಜಾನ್ ಪಂಥದ ನೈಟ್‌ಗಳು ಬಂಡೆಗೆ ಕಾವಲು ಹಾಕಿದ್ದರು. ಮಾಲ್ಟೀಸಿನಲ್ಲಿ ಅದು ‘ಜನರಲ್‌ನ ಕಲ್ಲು’. ನಾನೂ ಹಾಗೆಂದೇ ತಿದ್ದಿದೆ. ಸಸ್ಯಕ್ಕೆ ‘ಬಂದಳಿಕೆ’ ಎನ್ನೋಣವೆಂದರೆ ಅದು ಕೊಂಬೆಗೆ ಅಂಟುವುದು, ಇದು ಬೇರಿಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇರು ಹೀರುವ ಕಳೆಗೆ ರೈತರು ಏನೆನ್ನುತ್ತಾರೆ? ಆ ಭಾಗದವರು ಯಾರಾದರೂ ತಿಳಿಸಿದರೆ ಅದನ್ನೇ ಬಳಸುತ್ತೇನೆ.