ರಿಸ್ಟೋರ್ ಫೋಲ್ಡರಿನಲ್ಲಿ ವೈರಸ್: ಅಳಿಸಿದರೆ 11 ವರ್ಷದ ಲಗ್ನಪತ್ರಿಕೆಗಳೂ ಹೋಗುತ್ತವೆಯೇ?

ಅಚ್ಚುಮೊಳೆ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ಜಮಖಂಡಿಯಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪತ್ತಿನ ಸಂಘಗಳ ವಾರ್ಷಿಕ ವರದಿ ಮಾಡಿಕೊಡುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇದೆ. ನನ್ನ ಪ್ರಿಂಟರ್ ಬೇರೆ ಯಾವುದಕ್ಕೂ ಒಗ್ಗುವುದಿಲ್ಲ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕೋರೆಲ್ ಫೈಲುಗಳೆಲ್ಲ ಅದರಲ್ಲಿಯೇ ಇವೆ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ.

ಹೋದ ಮಂಗಳವಾರ ಒಬ್ಬ ಹುಡುಗ ಅಕ್ಕನ ಮದುವೆಯ ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ತಂದ. ಹಳದಿ ಫೋಲ್ಡರಿನ ಚಿತ್ರ ಕಂಡಿತು, ಒತ್ತಿದೆ, ಏನೂ ತೆರೆಯಲಿಲ್ಲ. ಅಂದಿನಿಂದ ಕಂಪ್ಯೂಟರ್ ಹಚ್ಚಿದೊಡನೆ ಆಂಟಿವೈರಸ್ಸಿನ ಕೆಂಪು ಕಿಟಕಿ ಏಳುತ್ತದೆ. ವೈರಸ್ ಇರುವುದು ವಿಂಡೋಸ್ ತನ್ನ ರಿಸ್ಟೋರ್ ಫೈಲುಗಳನ್ನು ಇಡುವ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್' ಫೋಲ್ಡರಿನ ಒಳಗೆ, ಆರ್‌ಪಿ212 ಎಂಬಲ್ಲಿ. ಫೈಲಿನ ಹೆಸರು 'ಎ' ಅಕ್ಷರ, ಮುಂದೆ ಏಳು ಅಂಕಿ. ಅಳಿಸಲು ಹೋದರೆ ಅನುಮತಿಯಿಲ್ಲ ಎನ್ನುತ್ತದೆ. ಮರುದಿನ ಆರ್‌ಪಿ213, ಅದರ ಮರುದಿನ 214.

ದುರಸ್ತಿಯವರು ಫಾರ್ಮ್ಯಾಟ್ ಒಂದೇ ದಾರಿ ಎಂದರು. ನನಗೆ ಎದೆ ಒಡೆದಂತಾಯಿತು. ಅಪ್ಪ ಕೈಯಿಂದ ಬರೆದ ಗಣಪತಿಯ ಚಿತ್ರದ ಸ್ಕ್ಯಾನ್ ಅದರಲ್ಲಿದೆ, ಮೂಲ ಹಾಳೆಯನ್ನು ಗೆದ್ದಲು ತಿಂದಿದೆ. ರಿಸ್ಟೋರ್ ಫೈಲುಗಳನ್ನು ಅಳಿಸಿದರೆ ನನ್ನ ಕೆಲಸವೂ ಅಳಿಯುತ್ತದೆಯೇ? ದಯವಿಟ್ಟು ತಿಳಿದವರು ಹೇಳಿ.

ಗುಮ್ಮಟದೂರು, ವಿಜಯಪುರ

ಹೆದರಬೇಡಿ ಅಕ್ಕಾ. ಮೈ ಕಂಪ್ಯೂಟರ್ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ, ಸಿಸ್ಟಮ್ ರಿಸ್ಟೋರ್ ಎಂಬಲ್ಲಿ ಎಲ್ಲ ಡ್ರೈವುಗಳಿಗೂ ಬಂದ್ ಮಾಡಿ, ರೀಸ್ಟಾರ್ಟ್ ಮಾಡಿ. ಹಳೆಯ ರಿಸ್ಟೋರ್ ಬಿಂದುಗಳೆಲ್ಲ (ಕೆಟ್ಟರೆ ಹಿಂದಿರುಗಲೆಂದು ವಿಂಡೋಸ್ ತೆಗೆದಿಟ್ಟ ಹಳೆಯ ಸ್ಥಿತಿಗಳು, ನೀವು ಕಂಡ ಆರ್‌ಪಿ ಎಂದರೆ ಇವೇ) ಒಮ್ಮೆಲೇ ಅಳಿಯುತ್ತವೆ, ವೈರಸ್ಸೂ ಅವುಗಳೊಂದಿಗೆ ಹೋಗುತ್ತದೆ.

ಬೆಸುಗೆ, ಬೆಳಗಾವಿ

ಅಕ್ಕನವರೇ, ವಿಜಯಪುರದ ಅಣ್ಣ ಹೇಳಿದ ಕೆಲಸವನ್ನು ನೀವು ಮಾಡಲೇಬೇಕು. ಆದರೆ ಅದನ್ನು ಕೊನೆಗೆ ಮಾಡಿ, ಮೊದಲಿಗೆ ಬೇಡ. ಆ ಸಂಖ್ಯೆ 212, 213, 214 ಎಂದು ಏರುತ್ತಿದೆ ಎಂದಿರಲ್ಲ, ನಾನು ನೋಡುತ್ತಿರುವುದು ಅದನ್ನೇ.

ಎಕ್ಸ್‌ಪಿ ಸುಮಾರು 24 ಗಂಟೆಗೊಮ್ಮೆ ತಾನೇ ಒಂದು ರಿಸ್ಟೋರ್ ಬಿಂದು ಮಾಡುತ್ತದೆ. ಪ್ರೋಗ್ರಾಂ ಫೈಲನ್ನು ಯಾರೇ ಅಳಿಸಲಿ, ಬದಲಿಸಲಿ, ಅದಕ್ಕೂ ಮುನ್ನ ಒಂದು ಪ್ರತಿಯನ್ನು ಹೆಸರು ಬದಲಿಸಿ ಆ ದಿನದ ಬಿಂದುವಿನಲ್ಲಿ ತೆಗೆದಿಡುತ್ತದೆ. ಅಳಿಸುವುದು ವೈರಸ್ಸನ್ನೋ ಒಳ್ಳೆಯ ಪ್ರೋಗ್ರಾಮನ್ನೋ ಎಂದು ಅದು ನೋಡುವುದಿಲ್ಲ. ನಿಮ್ಮ ಆಂಟಿವೈರಸ್ ವೈರಸ್ಸನ್ನು ಅಳಿಸಿದಾಗಲೂ ಹೀಗೆಯೇ ಪ್ರತಿ ಉಳಿದಿದೆ. ಅಲ್ಲಿ ಕುಳಿತ ಪ್ರತಿ ತಾನಾಗಿ ಓಡುವುದಿಲ್ಲ, ನೀವು ಆ ಬಿಂದುವಿಗೆ ಹಿಂದಿರುಗಿದರೆ ಮಾತ್ರ ಮತ್ತೆ ಎದ್ದುಬರುತ್ತದೆ. ಆದರೆ ದಿನವೂ ಹೊಸ ಬಿಂದುವಿನಲ್ಲಿ ಸಿಗುತ್ತಿದೆ ಎಂದರೆ ಹೊರಗೆಲ್ಲೋ ಅದು ದಿನವೂ ಮತ್ತೆ ಹುಟ್ಟುತ್ತಿದೆ. ಹೊರಗಿನದನ್ನು ಬಿಟ್ಟು ಒಳಗಿನದನ್ನು ಗುಡಿಸಿದರೆ ನಾಳೆ ಮತ್ತೆ ತುಂಬಿರುತ್ತದೆ. ಇನ್ನೊಂದು ಮಾತು: ಸ್ವಚ್ಛ ಮಾಡುವಾಗ ವಿಂಡೋಸ್ ಕೈಕೊಟ್ಟರೆ ಹಿಂದಿರುಗಲು ಕೊಳೆತ ಬಿಂದುವಾದರೂ ಇರಲಿ.

ನಿಮ್ಮ ಕೋರೆಲ್ ಫೈಲು, ಫೋಟೊ, ಅಪ್ಪನವರ ಗಣಪತಿ ಇವು ಯಾವುವೂ ಆ ಬಿಂದುಗಳಲ್ಲಿ ಇರುವುದಿಲ್ಲ, ಅಳಿಸಿದರೆ ಹೋಗುವುದೂ ಇಲ್ಲ. ಆದರೂ ಕೈ ಹಚ್ಚುವ ಮೊದಲು ಅವನ್ನು ಹೊಸ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. 'ಇಎಕ್ಸ್‌ಇ' ಎಂದು ಕೊನೆಯಾಗುವ ಒಂದು ಪ್ರೋಗ್ರಾಂ ಫೈಲೂ ಜೊತೆಗೆ ಬರಬಾರದು. ಆಮೇಲೆ ಕಂಪ್ಯೂಟರ್ ಹಚ್ಚುವಾಗ ಎಫ್8 ಒತ್ತಿ ಸೇಫ್ ಮೋಡಿನಲ್ಲಿ (ವಿಂಡೋಸ್ ತೀರಾ ಬೇಕಾದಷ್ಟನ್ನೇ ಓಡಿಸುವ ಸ್ಥಿತಿ) ತೆರೆದು ಪೂರ್ತಿ ಸ್ಕ್ಯಾನ್ ಮಾಡಿ. ಸಿ ಡ್ರೈವಿಗೆ ನಿಲ್ಲಬೇಡಿ, ಡಿ ಡ್ರೈವನ್ನೂ ಬಿಡಬೇಡಿ. ಎರಡು ದಿನ ಕೆಂಪು ಕಿಟಕಿ ಏಳದಿದ್ದರೆ ಆಗ ರಿಸ್ಟೋರ್ ಬಂದ್ ಮಾಡಿ, ರೀಸ್ಟಾರ್ಟ್ ಮಾಡಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ. ನಂತರ ಮತ್ತೆ ಚಾಲು ಮಾಡಿ ನಿಮ್ಮ ಕೈಯಿಂದಲೇ ಒಂದು ಹೊಸ ಬಿಂದು ಮಾಡಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಇಂಟರ್‌ನೆಟ್ ಕೊಡದೆ ಒಳ್ಳೆಯದು ಮಾಡಿದ್ದೀರಿ, ಗಿರಾಕಿಗಳ ಪೆನ್‌ಡ್ರೈವುಗಳನ್ನೂ ಅದಕ್ಕೆ ಕೊಡಬೇಡಿ. ಹೊಸ ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಬೇಕಾದ ಫೋಟೊಗಳನ್ನಷ್ಟೇ ದಾಟಿಸಿ.

ಗುಮ್ಮಟದೂರು, ವಿಜಯಪುರ

ಬೆಸುಗೆಯವರ ಮಾತು ಸರಿ. ಸಂಖ್ಯೆ ಏರುವುದನ್ನು ನಾನು ಗಮನಿಸಿರಲಿಲ್ಲ. ಅಕ್ಕಾ, ಅವರು ಹೇಳಿದಂತೆಯೇ ಮಾಡಿ.

ಅಚ್ಚುಮೊಳೆ, ಜಮಖಂಡಿ

ಆರು ದಿನದ ನಂತರ ಬರೆಯುತ್ತಿದ್ದೇನೆ. ವೈರಸ್ ಡಿ ಡ್ರೈವಿನಲ್ಲಿಯೇ ಇತ್ತು. ಡ್ರೈವ್ ತೆರೆದೊಡನೆ ಕಾಣುವ ಜಾಗದಲ್ಲಿ ಡ್ರೈವನ್ನು ಒತ್ತಿದೊಡನೆ ಪ್ರೋಗ್ರಾಂ ಓಡಿಸುವ 'ಆಟೋರನ್' ಎಂಬ ಸಣ್ಣ ಫೈಲು, ಪಕ್ಕದಲ್ಲಿ ಫೋಲ್ಡರಿನ ವೇಷದ ಇಎಕ್ಸ್‌ಇ, ಎರಡೂ ಅಡಗಿಕೊಂಡಿದ್ದವು. ನಾನು ದಿನವೂ ಲಗ್ನಪತ್ರಿಕೆ ತೆಗೆಯಲು ಡಿ ಡ್ರೈವನ್ನು ಎರಡು ಸಲ ಒತ್ತುತ್ತಿದ್ದೆ, ಒತ್ತಿದಾಗಲೆಲ್ಲ ಅದನ್ನು ನಾನೇ ಎಬ್ಬಿಸುತ್ತಿದ್ದೆ! ಸೇಫ್ ಮೋಡಿನಲ್ಲಿ ಎರಡೂ ಹೋದವು. ನಿನ್ನೆ ರಿಸ್ಟೋರ್ ಬಂದ್ ಮಾಡಿ ಮತ್ತೆ ಚಾಲು ಮಾಡಿದೆ. ಕೆಂಪು ಕಿಟಕಿ ಎದ್ದಿಲ್ಲ. ಗಣಪತಿ ಈಗ ಎರಡು ಕಡೆ ಇದ್ದಾನೆ.

ಆ ಹುಡುಗನನ್ನೂ ಕರೆಸಿದೆ. ಫೋಟೊಗಳು ಹಾಳಾಗಿವೆ ಎಂದು ಅವನು ಪೆನ್‌ಡ್ರೈವನ್ನು ಎಸೆಯುವವನಿದ್ದ. ಹೊಸ ಕಂಪ್ಯೂಟರಿನಲ್ಲಿ ವೈರಸ್ ತೆಗೆದು, ಅಡಗಿದ ಫೈಲುಗಳನ್ನು ಕಾಣಿಸುವಂತೆ ಮಾಡಿದೆ. ಅರಿಶಿನದ ದಿನದ್ದು, ಅಕ್ಕಿಕಾಳಿನದ್ದು, ಎಲ್ಲವೂ ಒಳಗೆ ಹಾಗೆಯೇ ಇದ್ದವು.